ಇನ್ನೊಬ್ಬರ ಅಳತೆಯ ದಣಿವು

ಮನುಷ್ಯನಿಗೆ ತಾನು ದಪ್ಪಗಾದೆನೆಂಬ ಸುದ್ದಿಯನ್ನು ಮೊದಲು ತಿಳಿಸುವುದು ಅವನ ಪ್ಯಾಂಟು. ಕನ್ನಡಿಗೆ ನಾವು ಮುಖವನ್ನಷ್ಟೇ ತೋರಿಸುತ್ತೇವೆ. ಹೆಂಡತಿ ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಪ್ಯಾಂಟು ಹಾಗಲ್ಲ. ಒಂದು ಬೆಳಿಗ್ಗೆ ಗುಂಡಿಗೂ ಕಾಜಾಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಇನ್ನು ನನ್ನ ಕೈಲಾಗದಪ್ಪಾ ಎಂದು ನಿಂತುಬಿಡುತ್ತದೆ. ಆಗ ಮನುಷ್ಯ ಬೆಚ್ಚಿ ಬಿದ್ದು, ಎರಡು ದಿನ ರೊಟ್ಟಿ ಕಡಿಮೆ ತಿಂದು, ಮೂರನೇ ದಿನ ಯಾರದೋ ಮದುವೆಗೆ ಹೋಗಿ ಎಲ್ಲ ಸರಿದೂಗಿಸಿಕೊಳ್ಳುತ್ತಾನೆ. ಅದೇನೇ ಇರಲಿ, ಸುದ್ದಿಯಂತೂ ಮುಟ್ಟಿರುತ್ತದೆ. ನನಗೆ ಅದು ಮುಟ್ಟಲೇ ಇಲ್ಲ. ಯಾಕೆಂದರೆ ನಾನು ದರ್ಜಿ. ದರ್ಜಿಯ ಪ್ಯಾಂಟು ಎಂದೂ ಬಿಗಿಯಾಗುವುದಿಲ್ಲ. ಒಳಗೆ ಒಂದಿಂಚು, ಒಂದೂವರೆ ಇಂಚು ಬಟ್ಟೆ ಮಡಿಸಿ ಬಿಟ್ಟಿರುತ್ತೇನೆ. ಸ್ವಲ್ಪ ಹಿಡಿದಂತಾದ ದಿನ, ಗಿರಾಕಿ ಇಲ್ಲದ ಹೊತ್ತು ನೋಡಿ, ಹೊಲಿಗೆ ಬಿಚ್ಚಿ ಇನ್ನೊಂದು ಗೆರೆ ಹೊರಗೆ ಹೊಡೆದುಕೊಳ್ಳುತ್ತೇನೆ. ಹೀಗೆ ವರ್ಷಗಟ್ಟಲೆ ನನ್ನ ಹೊಟ್ಟೆಯೂ ನನ್ನ ಪ್ಯಾಂಟೂ ಅಣ್ಣತಮ್ಮಂದಿರಂತೆ ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಬೆಳೆದವು. ಹೆಂಡತಿ ಕೊಟ್ರಮ್ಮನ ಕುಪ್ಪಸಗಳಿಗೂ ಇದೇ ಉಪಚಾರ ನಡೆದಿತ್ತು. ಊರಿನವರ ಸೊಂಟವನ್ನು ಟೇಪು ಹಿಡಿಯದೆ, ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹೇಳಬಲ್ಲ ನಾನು, ನಮ್ಮಿಬ್ಬರ ಸೊಂಟದ ಸುದ್ದಿಯನ್ನು ನಾನೇ ಹೊಲಿದು ಮುಚ್ಚಿಟ್ಟಿದ್ದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಷಿನ್ನಿನ ಮುಂದೆ ಕುಳಿತವನು ನಾನು. ಕೊಟ್ಟೂರಿನ ಬಜಾರಿನಲ್ಲಿ ನನ್ನದೊಂದು ಅಂಗಡಿ, ಅದರ ಹಿಂದಿನ ಓಣಿಯಲ್ಲೇ ಮನೆ. ಓದು ಇಲ್ಲವೆಂಬ ಕೊರತೆ ನನ್ನನ್ನು ಅಷ್ಟಾಗಿ ಕಾಡಿದ್ದಿಲ್ಲ. ಓದಿದವರೆಲ್ಲ ಕೊನೆಗೆ ನನ್ನ ಮುಂದೆಯೇ ಬಂದು ಎರಡೂ ಕೈ ಮೇಲೆತ್ತಿ ನಿಲ್ಲುತ್ತಾರೆ. ಇನ್ನೊಂದು ಹೆಮ್ಮೆಯೂ ಉಂಟು: ಇಷ್ಟು ವರ್ಷಗಳಲ್ಲಿ ಒಬ್ಬರ ಬಟ್ಟೆಯನ್ನು ಇನ್ನೊಬ್ಬರಿಗೆ ಕೊಟ್ಟವನಲ್ಲ. ಮದುವೆ ಕಾಲದಲ್ಲಿ ಒಂದೇ ಬಣ್ಣದ ಹತ್ತು ಕುಪ್ಪಸ ಬಂದರೂ, ಪ್ರತಿಯೊಂದರ ಬಟ್ಟೆಯಿಂದ ಒಂದು ತುಂಡು ಕತ್ತರಿಸಿ, ಆಯಾ ಗಂಟಿಗೆ ಕಟ್ಟುತ್ತೇನೆ. ತುಂಡು ನೋಡಿದರೆ ಸಾಕು, ಮಾಲು ಯಾರದು ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನನಗಂತೂ ಇನ್ನು ಮರೆಯಲು ಸಾಧ್ಯವಿಲ್ಲ.

ನಮ್ಮ ಮನೆಯಲ್ಲಿ ದಣಿವು ಎಂಬುದು ನನ್ನ ಹೆಸರಿಗಿದ್ದ ಆಸ್ತಿ. ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, “ಯಪ್ಪಾ ಶಿವನೇ” ಎಂದು ಉಸಿರು ಬಿಟ್ಟರೆ ಒಳಗಿನಿಂದ ನೀರಿನ ತಂಬಿಗೆ ಬರಬೇಕು. ಟೆನ್ಷನ್ ಕೂಡ ನನ್ನದೇ. ಕೊಟ್ರಮ್ಮ ಒಂದು ದಿನವೂ ದಣಿವಾಯಿತು ಎಂದವಳಲ್ಲ. ಆದ್ದರಿಂದ ಅವಳಿಗೆ ದಣಿವಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಬೆಳಿಗ್ಗೆ ನೀರು, ಕಸ, ರೊಟ್ಟಿ. ಆಮೇಲೆ ಅಂಗಡಿಯ ಹುಕ್ಕು, ಕಾಜಾ, ಸೀರೆಯ ಫಾಲ್ಸು ಎಲ್ಲ ಅವಳ ಮಡಿಲಿಗೆ. ಅದನ್ನು ನಾನು ‘ಕೂತು ಮಾಡುವ ಕೆಲಸ’ ಎಂದು ಕರೆಯುತ್ತಿದ್ದೆ. ನಾನು ಮಾಡುವುದೂ ಕೂತು ಮಾಡುವ ಕೆಲಸವೇ. ಆದರೆ ನಾನು ಕೂತರೆ ಅದು ದುಡಿಮೆ.

ಕಳೆದ ಮದುವೆ ಕಾಲದಲ್ಲಿ ನನ್ನ ದಣಿವು ಮೇರೆ ಮೀರಿತು. ಮಧ್ಯಾಹ್ನ ಮೂರರ ಸುಮಾರಿಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಾನಹೊಸಹಳ್ಳಿ ಕಡೆಯ ಒಬ್ಬ ಮದುಮಗಳ ಕುಪ್ಪಸ ಹೊಲಿಯುತ್ತಾ ಕಾಲು ಪೆಡಲಿನ ಮೇಲಿದ್ದಂತೆಯೇ ನಿದ್ದೆ ಹೋದೆ. ಮೋಟಾರು ಮಷಿನ್ನು, ಅದಕ್ಕೆ ನಿದ್ದೆ ಇಲ್ಲ. ಎಚ್ಚರವಾದಾಗ ಬಲತೋಳಿನ ಬಾಯಿ ಪೂರ್ತಿ ಮುಚ್ಚಿಹೋಗಿತ್ತು. ನನಗದು ಗೊತ್ತಾದದ್ದು ಮದುಮಗಳು ತೊಟ್ಟು ನೋಡುವಾಗ. ಕೈ ಹೋಯಿತು, ಹೊರಗೆ ಬರಲಿಲ್ಲ. ಅವಳ ಅವ್ವ, “ಏನ್ರಿ ಟೇಲರಪ್ಪ, ತೋಳು ಹೊಲಿದೀರೋ, ಚೀಲ ಹೊಲಿದೀರೋ?” ಎಂದು ಕೇಳಿದಳು. ಪಕ್ಕದ ಮಿರ್ಚಿ ಅಂಗಡಿಯ ಬಸಣ್ಣ, ಚಿಕ್ಕಂದಿನಿಂದ ನನ್ನ ಗೆಳೆಯ, ಎಣ್ಣೆ ಬಾಣಲೆ ಬಿಟ್ಟು ಓಡಿಬಂದು ನೋಡಿ ಹೋದ. ಆಮೇಲೆ ಅವನ ಉಪದೇಶ ಶುರುವಾಯಿತು.

“ಲೇ, ದವಾಖಾನಿಗೆ ಹೋಗಲೇ. ನಿನ್ನ ಹೊಟ್ಟಿ ನೋಡಿದ್ರ ನನಗ ಭಯ ಆಗತೈತಿ.”

“ನಿನ್ನ ಮಿರ್ಚಿ ತಿಂದ ಬೆಳೆದಿದ್ದು ಅದು.”

“ಅದಕ್ಕ ಹೇಳಾಕತ್ತೀನಿ. ನಾ ಕಟ್ಟಿದ ಕಟ್ಟಡ, ನನ್ನ ಕಣ್ಮುಂದ ಬೀಳಬಾರದು.”

ವಾರಕ್ಕೆ ಎರಡು ಸಂಜೆ ಕೂಡ್ಲಿಗಿಯಿಂದ ಬಂದು ನಮ್ಮೂರಿನಲ್ಲಿ ಕುಳಿತುಕೊಳ್ಳುವ ಒಬ್ಬ ಡಾಕ್ಟರಮ್ಮ ಇದ್ದಾರೆ. ಅವರಲ್ಲಿಗೆ ಹೋದೆ. ಚೀಲ ಹಿಡಿಯಲು ಕೊಟ್ರಮ್ಮನೂ ಬಂದಳು. ಏನಾಗುತ್ತದೆ ಎಂದು ಕೇಳಿದರು. “ಟೆನ್ಷನ್ ರೀ ಡಾಕ್ಟರಮ್ಮ” ಎಂದೆ. “ಏನು ಟೆನ್ಷನ್?” ಎಂದರು. ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಟೆನ್ಷನ್ ಎಂದರೆ ಸಾಕು, ಎಲ್ಲರೂ ತಲೆಯಾಡಿಸುತ್ತಿದ್ದರು. ನಾನು ತಡವರಿಸುತ್ತಿದ್ದಾಗ ಅವರ ಕಣ್ಣು ಕೊಟ್ರಮ್ಮನ ಕಡೆ ಹೋಯಿತು. ಊದಿಕೊಂಡಿದ್ದ ಮುಖ ನೋಡಿದರು, ಕೈ ಹಿಡಿದು ನೋಡಿದರು, ಬಿ.ಪಿ. ನೋಡಿದರು. ನನ್ನ ರೋಗ ತೋರಿಸಲು ಬಂದಲ್ಲಿ ಅವಳನ್ನು ನೋಡುತ್ತಾರಲ್ಲ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

“ಅಮ್ಮಾ, ರಾತ್ರಿ ನಿದ್ದೆ ಬರುತ್ತಾ ನಿಮಗೆ?”

“ನಿದ್ದಿ ಬರ್ತೈತ್ರಿ. ಮಲಗಾಕ ಆಗಂಗಿಲ್ಲ, ಅಷ್ಟ.”

ಡಾಕ್ಟರಮ್ಮ ನಕ್ಕು, ಇಬ್ಬರನ್ನೂ ಕೂರಿಸಿ ಹೇಳಿದರು. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಇದೆಯಂತೆ. ಕಷ್ಟ, ಗಾಬರಿ, ನಿದ್ದೆಗೇಡು ಬಂದಾಗ ಮೈಯನ್ನು ಎಬ್ಬಿಸಿ ನಿಲ್ಲಿಸುವುದು ಅದರ ಕೆಲಸ. ಮೈಗೆ ಕೊಬ್ಬು ಏರಿದಾಗ ಅದು ಹೆಚ್ಚು ತಯಾರಾಗುತ್ತದೆ, ಅಷ್ಟೇ ಬೇಗ ಒಡೆದು ಮೂತ್ರದಲ್ಲಿ ಹೋಗಿಯೂ ಬಿಡುತ್ತದೆ. ಹಾಗಾಗಿ ರಕ್ತ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುವುದುಂಟು. ಇದು ನನಗೆ ಥಟ್ಟನೆ ಹೊಳೆಯಿತು. ಮದುವೆ ಕಾಲದಲ್ಲಿ ನನ್ನ ಅಂಗಡಿಯ ಕಪಾಟೂ ಹೀಗೇ. ಬಂದಷ್ಟೇ ಬಟ್ಟೆ ಹೊರಗೂ ಹೋಗುತ್ತದೆ. ಕಪಾಟು ನೋಡಿದವರಿಗೆ ದರ್ಜಿ ಖಾಲಿ ಕೂತಿದ್ದಾನೆ ಎನಿಸಬೇಕು. ಅವನ ಬೆನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ. “ಗಂಡಸರ ಮೈ ಅದನ್ನು ಒಡೆಯುವ ರೀತಿ ಬೇರೆ, ಹೆಂಗಸರದು ಬೇರೆ. ಕೊಬ್ಬು ಹೊಟ್ಟೆಗೆ ಸೇರುತ್ತೋ, ಸೊಂಟದ ಕೆಳಗೆ ಸೇರುತ್ತೋ, ಅದರ ಮೇಲೂ ಹೋಗುತ್ತೆ” ಎಂದರು. ಗಂಡಸಿಗೂ ಹೆಂಗಸಿಗೂ ಕಟಿಂಗ್ ಬೇರೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಸುಮ್ಮನೆ ತಲೆಯಾಡಿಸಿದೆ. ಬೇರೇನೂ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಇಬ್ಬರೂ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪೂರ್ತಿ ಒಂದೊಂದು ಕ್ಯಾನಿನಲ್ಲಿ ಹಿಡಿದು, ತಂಪಾದ ಜಾಗದಲ್ಲಿಟ್ಟು, ಹಗರಿಬೊಮ್ಮನಹಳ್ಳಿಯ ಲ್ಯಾಬಿಗೆ ಮುಟ್ಟಿಸಬೇಕು ಎಂದರು.

ಮನೆಗೆ ಬಂದು, ತಂಪಾದ ಜಾಗ ಎಂದರೆ ಯಾವುದೆಂದು ನಾನು ಫ್ರಿಜ್ಜಿನ ಕಡೆ ನೋಡಿದೆ. ಕೊಟ್ರಮ್ಮ ನನ್ನ ಕಡೆ ನೋಡಿದಳು. “ಮೊಸರಿನ ಗಡಿಗಿ ಮಗ್ಗಲಕ್ಕ ಇಡತೀರೇನು ಅದನ್ನ? ನಾ ತವರಿಗೆ ಹೋಗ್ತೀನಿ, ನೀವು, ನಿಮ್ಮ ಕ್ಯಾನು, ನಿಮ್ಮ ಫ್ರಿಜ್ಜು ಮೂರೂ ಸೇರಿ ಸಂಸಾರ ಮಾಡ್ರಿ.” ಕೊನೆಗೆ ಬಚ್ಚಲ ಮೂಲೆಯಲ್ಲಿ ಎರಡು ಬಕೀಟು ತಣ್ಣೀರು ಇಟ್ಟು, ಒಂದೊಂದರಲ್ಲಿ ಒಂದೊಂದು ಕ್ಯಾನು ನಿಲ್ಲಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಾಯಿತು. ಎರಡೂ ಒಂದೇ ಥರದ, ಒಳಗಿನದು ಕಾಣುವ ಬಿಳಿ ಕ್ಯಾನು. ನಾನು ಸುಮ್ಮನೆ ಬಿಡುವವನೇ? ನನ್ನ ಕಸುಬಿನ ಪದ್ಧತಿಯಂತೆ ನನ್ನ ಕ್ಯಾನಿನ ಕೊರಳಿಗೆ ನೀಲಿ ಚೌಕುಳಿ ಅಂಗಿಯ ತುಂಡು ಕಟ್ಟಿದೆ; ಅವಳದಕ್ಕೆ ಅವಳ ಹಸಿರು ಖಣದ ಕುಪ್ಪಸದ ತುಂಡು. “ಆಹಾ, ಬಾಸಿಂಗ ಒಂದು ಕಮ್ಮಿ ಐತಿ ನೋಡ್ರಿ” ಎಂದಳು.

ಆ ದಿನ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಒಂದು ಹನಿಯೂ ಹೊರಗೆ ಹೋಗಬಾರದೆಂದು ತಾಕೀತು. ಟೇಪು ಕೊರಳಲ್ಲಿ ಹಾಗೇ ಇರುವಂತೆ, ಗಿರಾಕಿಯ ಎದೆಯ ಅಳತೆಯನ್ನು ಅರ್ಧಕ್ಕೆ ಬಿಟ್ಟು, ಓಣಿಗುಂಟ ಮನೆಗೆ ಓಡಬೇಕು. ಮೂರನೆಯ ಸಲ ಓಡುವಾಗ ಬಸಣ್ಣ ಮಿರ್ಚಿ ತೆಗೆಯುವ ಜಾಲರಿ ಎತ್ತಿ ಹಿಡಿದು ಕೇಳಿದ: “ಏನ್ಲೇ, ಮನ್ಯಾಗ ಬಂಗಾರ ಬಿಟ್ಟು ಬಂದೀಯೇನು? ತಾಸಿಗೊಮ್ಮೆ ಎಣಿಸಿ ಬರಾಕತ್ತೀ?” ನಾನು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಎರಡೂ ಕ್ಯಾನಿಗೆ ಮುಚ್ಚಳ ಬಿಗಿದು, ನಾನು ಬಸ್ಸಿನ ಹೊತ್ತಿಗೆ ಮುಂಚೆ ಒಂದು ಕುಪ್ಪಸ ಮುಗಿಸಿಬಿಡೋಣವೆಂದು ಅಂಗಡಿಯಲ್ಲಿ ಮಷಿನ್ನು ಓಡಿಸುತ್ತಿದ್ದೆ. ಕೊಟ್ರಮ್ಮ ಬಾಗಿಲಿಗೆ ಬಂದು ಏನೋ ಹೇಳಿದಳು. ನಾನು “ಹೂಂ” ಎಂದೆ. ಮದುವೆಯಾದಾಗಿನಿಂದ ನಾನು ಹೇಳಿಕೊಂಡು ಬಂದಿರುವ ಹೂಂ ಅದು. ಅದರಿಂದ ಇದುವರೆಗೆ ಯಾವ ಅನಾಹುತವೂ ಆಗಿರಲಿಲ್ಲ. ಅವಳು ಹೋದಳು. ಅವಳು ಕ್ಯಾನು ತುಂಬಿಟ್ಟಿದ್ದ ಚೀಲ ಹಿಡಿದು ನಾನು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಪಕ್ಕದ ಅಜ್ಜಿಯ ಕಣ್ಣು ಚೀಲದ ಸಂದಿಯಲ್ಲಿ ಕಾಣುತ್ತಿದ್ದ ಕ್ಯಾನಿನ ಮೇಲೇ ಇತ್ತು. “ಹರಳೆಣ್ಣಿ ಏನ್ರಿ?” ಎಂದಳು. ಅಲ್ಲವೆಂದೆ. “ಹಂಗಾರ ಜೇನಾ? ಬಣ್ಣ ಚಲೋ ಐತಿ. ಮೊಮ್ಮಗಗ ಕೆಮ್ಮು ಐತ್ರಿ, ಒಂಚೂರು ಬಾಟ್ಲಿಗೆ ಹಾಕ್ರಿ.” “ಇದು ಮನಿ ಉಪಯೋಗಕ್ಕ ಐತಿ ಅಜ್ಜಿ” ಎಂದು ಚೀಲವನ್ನು ಎದೆಗೆ ಅಪ್ಪಿಕೊಂಡೆ. “ಇದ್ದವರ ಕೈ ಯಾವತ್ತೂ ಬಿಗೀನ” ಎಂದು ಅವಳು ಕಿಟಕಿಯ ಕಡೆ ತಿರುಗಿದವಳು ಹಗರಿಬೊಮ್ಮನಹಳ್ಳಿ ಬಂದರೂ ಇತ್ತ ತಿರುಗಲಿಲ್ಲ. ಲ್ಯಾಬಿನಲ್ಲಿ ಚೀಲದಿಂದ ತೆಗೆದಾಗ ಒಂದು ಕ್ಯಾನಿನ ಕೊರಳಲ್ಲಿ ನನ್ನ ಹಳೆಯ ಬಿಳಿ ಅಂಗಿಯ ಚೂರು, ಇನ್ನೊಂದರಲ್ಲಿ ಕೊಟ್ರಮ್ಮನ ಹಳೇ ಸೀರೆಯ ಅಂಚು. ತುಂಡುಗಳು ಬದಲಾಗಿದ್ದವು, ಒದ್ದೆಯಾಗಿದ್ದವೆಂದು ಬದಲಿಸಿರಬೇಕು ಎಂದುಕೊಂಡೆ. ನನಗೇನು? ಅಂಗಿ ಎಂದರೆ ನಾನು, ಸೀರೆ ಎಂದರೆ ಅವಳು. ತುಂಡು ನೋಡಿ ಮಾಲು ಯಾರದೆಂದು ಹೇಳಲಾರದವನು ಎಂಥ ದರ್ಜಿ? ಲ್ಯಾಬಿನವರಿಗೆ ಹಾಗೆಯೇ ಹೆಸರು ಹೇಳಿ ಬರೆಸಿ ಬಂದೆ.

ರಿಪೋರ್ಟು ಬಂತು. ಡಾಕ್ಟರಮ್ಮ ನೋಡಿ, “ನಿಮ್ಮದು ಜಾಸ್ತಿ ಇದೆ. ಅಮ್ಮನದು ಸರಿ ಇದೆ” ಎಂದರು. ಸುಳ್ಳೇಕೆ ಹೇಳಲಿ, ನನಗೆ ಆದದ್ದು ಭಯವಲ್ಲ, ತೃಪ್ತಿ. ಇಷ್ಟು ವರ್ಷ ಬಾಯಿಮಾತಿನಲ್ಲಿದ್ದ ನನ್ನ ದಣಿವಿಗೆ ಸರ್ಕಾರದ ಮೊಹರು ಬಿದ್ದಂತಾಯಿತು. “ಇದು ಟೆನ್ಷನ್ ಅಳೆಯೋ ಮೀಟರ್ ಅಲ್ಲ, ತಿಳ್ಕೊಳ್ಳಿ. ತೂಕ ಇಳಿಸಿ, ವಿಶ್ರಾಂತಿ ತಗೊಳ್ಳಿ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ನೋಡೋಣ” ಎಂದು ಅವರು ಹೇಳಿದ್ದರಲ್ಲಿ, ಮನೆ ಮುಟ್ಟುವ ಹೊತ್ತಿಗೆ ನನ್ನ ನೆನಪಿನಲ್ಲಿ ಉಳಿದದ್ದು ವಿಶ್ರಾಂತಿ ಒಂದೇ.

ತೊಂದರೆ ಎಂದರೆ ನಮ್ಮ ಮನೆಯಲ್ಲಿ ಇದ್ದದ್ದು ಒಬ್ಬರಿಗಾಗುವಷ್ಟು ವಿಶ್ರಾಂತಿ. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಲೇಬೇಕು. ಒಪ್ಪಿಕೊಂಡ ಮದುವೆ ಬಟ್ಟೆ ನಮ್ಮ ಆರೋಗ್ಯ ನೋಡಿ ಮುಂದಕ್ಕೆ ಹೋಗುವುದಿಲ್ಲ. ಎರಡು ವಾರ ನಾನು ಮಧ್ಯಾಹ್ನದ ಮೇಲೆ ಮನೆಯ ಮಂಚದ ಮೇಲೆ ಮಲಗಿದೆ. ಕೊಟ್ರಮ್ಮ ಹುಕ್ಕು ಕಾಜಾದ ಜೊತೆಗೆ ಅಂಗಡಿಯ ಮಷಿನ್ನಿಗೂ ಕುಳಿತಳು. ನಡುವೆ ಬಂದು ನನಗೆ ಮಜ್ಜಿಗೆ ಕೊಟ್ಟು ಹೋಗುತ್ತಿದ್ದಳು. ನೋಡಲು ಬಂದವರಿಗೆ ನಾನು ಕಾರ್ಟಿಸಾಲ್ ವಿಚಾರ ವಿವರಿಸುತ್ತಿದ್ದೆ. ಬಸಣ್ಣ ಪೂರ್ತಿ ಕೇಳಿಸಿಕೊಂಡು, “ಅಂದ್ರ ಲೇ, ಇಷ್ಟು ದಿನ ನೀ ಖರೇನ ದುಡಿತಿದ್ದೀ?” ಎಂದ. ಆದರೂ ಆ ವಿಶ್ರಾಂತಿ ನನಗೆ ಹಿಡಿಸಲಿಲ್ಲ. ಎಲ್ಲೋ ಕಂಕುಳಲ್ಲಿ ಎಳೆದಂತೆ, ಭುಜದಲ್ಲಿ ಕೂರದಂತೆ. ಮಲಗಿ ಎದ್ದರೂ ಮೈ ಭಾರ. ರೋಗ ದೊಡ್ಡದಿರಬೇಕು ಎಂದುಕೊಂಡು ಇನ್ನಷ್ಟು ಮಲಗಿದೆ.

ಒಂದು ಮಧ್ಯಾಹ್ನ ಕೊಟ್ರಮ್ಮ ಕರೆಂಟು ಹೋದ ಬಿಡುವಿನಲ್ಲಿ ಮಂಚದ ಪಕ್ಕ ಕುಳಿತು ಕೌದಿ ಹೊಲಿಯುತ್ತಿದ್ದಳು. ಅಂಗಡಿಯಲ್ಲಿ ಉಳಿದ ಚೂರುಗಳನ್ನೆಲ್ಲ ಕೂಡಿಸಿ ವರ್ಷಕ್ಕೊಂದು ಕೌದಿ ಎಬ್ಬಿಸುವುದು ಅವಳ ಹವ್ಯಾಸ. ನಾನು ಮಲಗಿದಲ್ಲಿಂದಲೇ ನೋಡಿದೆ: ಹಸಿರು ಖಣದ ತುಂಡು, ಅದರ ಮಗ್ಗುಲಿಗೆ ನೀಲಿ ಚೌಕುಳಿ.

“ಇವು ಕ್ಯಾನಿಗೆ ಕಟ್ಟಿದ್ದು ಅಲ್ಲೇನು?”

“ಹೂಂ ಮತ್ತ. ತೊಳೆದು ಬಿಸಿಲಿಗೆ ಹಾಕಿದ್ದೆ. ಇಷ್ಟು ಚಲೋ ಖಣ ಯಾರಾದರೂ ಅದಕ್ಕ ಕಟ್ಟಿ ಪರೂರಿಗೆ ಕಳಸತಾರೇನು? ಬಿಚ್ಚಿಕೊಂಡು ಹಳೇ ಅರಿವಿ ಕಟ್ಟಿದೆ. ಕೈಗೆ ಸಿಕ್ಕಿದ್ದು ಕಟ್ಟಿದೆ. ನಂದಕ್ಕ ನಿಮ್ಮ ಹರಕ ಅಂಗಿ, ನಿಮ್ಮದಕ್ಕ ನನ್ನ ಸೀರಿ ಅಂಚು. ಅಂಗಡಿಗೆ ಬಂದು ಹೇಳಿದ್ನಲ್ಲ, ನೀವು ಹೂಂ ಅಂದ್ರಿ.”

ದರ್ಜಿಗೆ ತುಂಡು ಎಂದರೆ ಗುರುತು. ಕೌದಿ ಹೊಲಿಯುವವಳಿಗೆ ತುಂಡು ಎಂದರೆ ತುಂಡು, ಅದಕ್ಕೆ ಯಜಮಾನನಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ವ್ಯತ್ಯಾಸ ನನಗೆ ತಿಳಿದಿರಲಿಲ್ಲ. ನಾನು ಎದ್ದು ಕುಳಿತೆ. ನನ್ನ ಮುಖ ನೋಡಿ ಅವಳ ಸೂಜಿ ನಿಂತಿತು.

“ಲ್ಯಾಬಿನ್ಯಾಗ ಯಾವುದು ನಿಮ್ಮದು ಅಂತ ಹೇಳಿದ್ರಿ?”

“ಅಂಗಿ ಕಟ್ಟಿದ್ದು.”

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ದಾರ ಹಲ್ಲಿನಿಂದ ಕಡಿದು, ನಿಧಾನವಾಗಿ ಹೇಳಿದಳು: “ಹಂಗಾರ ಎರಡು ವಾರ ನೀವು ಮಲಗಿದ್ದು ನಂದು.” ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, “ವಾಪಸ್ ಕೊಡ್ರಿ” ಎಂದಳು.

ಒಬ್ಬರ ಬಟ್ಟೆಯನ್ನು ಇನ್ನೊಬ್ಬರಿಗೆ ಕೊಟ್ಟವನಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ನಾನು, ಹೆಂಡತಿಯ ಅಳತೆಗೆ ಬಂದ ವಿಶ್ರಾಂತಿಯನ್ನು ನಾನೇ ತೊಟ್ಟು, ಉಟ್ಟು, ಮಾಸಿಸಿ ಕೂತಿದ್ದೆ. ಅದಕ್ಕೇ ಅದು ಕಂಕುಳಲ್ಲಿ ಎಳೆಯುತ್ತಿತ್ತು. ಈಗ ನನಗೆ ನಿಜವಾದ ಭಯ ಹತ್ತಿತು. ಜಾಸ್ತಿ ಇರುವವಳು ಅವಳು. ಆ ಜಾಸ್ತಿಯ ಮೇಲೆ ಎರಡು ವಾರ ನನ್ನ ಕೆಲಸವನ್ನೂ ಹೇರಿದ್ದೇನೆ. ಡಾಕ್ಟರಮ್ಮ ಬರುವ ಸಂಜೆಗೆ ಕಾದು, ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ಅವರು ನಗಬಾರದೆಂದು ಪ್ರಯತ್ನಪಟ್ಟು ಸೋತರು. ಮತ್ತೆ ಕ್ಯಾನು, ಮತ್ತೆ ಬಕೀಟು, ಮತ್ತೆ ಬಸ್ಸು. ಜೊತೆಗೆ ಕೊಟ್ರಮ್ಮನಿಗೆ ರಾತ್ರಿ ಒಂದು ಮಾತ್ರೆ ನುಂಗಿಸಿ ಬೆಳಿಗ್ಗೆ ರಕ್ತ ನೋಡುವ ಪರೀಕ್ಷೆ. ಆ ರಿಪೋರ್ಟು ಬರುವವರೆಗೆ ನಾನು ಕತ್ತರಿ ಹಿಡಿದರೆ ಬಟ್ಟೆ ಸೊಟ್ಟ ಹೋಗುತ್ತಿತ್ತು. ಅವಳು ಮಾತ್ರ, “ಬಂದದ್ದು ಬರಲಿ, ಮೊದಲ ಆ ತೋಳು ನೆಟ್ಟಗ ಇಡ್ರಿ” ಎನ್ನುತ್ತಿದ್ದಳು.

ದೇವರು ದೊಡ್ಡವನು, ದೊಡ್ಡ ಕಾಯಿಲೆ ಏನೂ ಇರಲಿಲ್ಲ. ಅವಳದೇ ಜಾಸ್ತಿ ಎಂಬುದು ಮಾತ್ರ ಖಾತ್ರಿಯಾಯಿತು. “ತೂಕ, ನಿದ್ದೆಗೇಡು, ಬಿಡುವಿಲ್ಲದ ಕೆಲಸ, ಎಲ್ಲ ಸೇರಿ ಹೀಗಾಗಿರಬಹುದು. ಇವರಿಗೆ ನಿದ್ದೆ ಬೇಕು” ಎಂದರು. ನನ್ನದು ಪೂರ್ತಿ ಸರಿ. ನಾನು ಸ್ವಲ್ಪ ಅವಮಾನವಾದವನಂತೆ, “ಹಂಗಾರ ನನ್ನ ದಣಿವು ಎಲ್ಲೀದು ರೀ ಡಾಕ್ಟರಮ್ಮ? ನಾ ಸುಳ್ಳು ಹೇಳಾಕತ್ತಿಲ್ಲ” ಎಂದೆ.

“ಹೊಟ್ಟೆ ಇದೆಯಲ್ಲ, ಅದೂ ಸಾಕು. ಗೊರಕೆ ಹೊಡೀತೀರಾ?”

ನಾನು ಇಲ್ಲ ಎನ್ನುವ ಮೊದಲು ಕೊಟ್ರಮ್ಮ ಬಾಯಿ ತೆರೆದಿದ್ದಳು. “ಗೊರಕಿ ಅಂತೀರೇನ್ರಿ ಅದಕ್ಕ? ಲಾರಿ ಘಟ್ಟ ಹತ್ತಿದಂಗ ರೀ. ಹತ್ತತೈತಿ, ಹತ್ತತೈತಿ, ನಡುವ ಪೂರಾ ಬಂದ್ ಆಗತೈತಿ. ಆಗ ನಾ ಎದ್ದು ಉಸಿರು ಐತೋ ಇಲ್ಲೋ ಅಂತ ಮೂಗಿಗೆ ಬೆರಳು ಹಿಡಿತೀನಿ. ಮತ್ತ ಚಾಲೂ ಆಗತೈತಿ. ಹಿಂಗ ಬೆಳಕು ಹರಿತೈತ್ರಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ದಪ್ಪ ಇರುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವುದುಂಟಂತೆ. ರಾತ್ರಿಯೆಲ್ಲ ಮಲಗಿದರೂ ಮೈಗೆ ನಿದ್ದೆ ಹತ್ತುವುದಿಲ್ಲ, ಹಗಲು ತೂಕಡಿಕೆ. ನನ್ನ ದಣಿವಿನ ಮೂಲ ಅದಿರಬಹುದು, ಅದಕ್ಕೆ ಬೇರೆ ಪರೀಕ್ಷೆ ಮಾಡಿಸಬೇಕು ಎಂದರು. “ಮತ್ತೆ ಅಮ್ಮನ ನಿದ್ದೆ ಯಾಕೆ ಕೆಟ್ಟಿದೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ?” ಎಂದೂ ಕೇಳಿದರು. ಬೇಡವೆಂದೆ. ಮನೆಯ ದಣಿವೆಲ್ಲ ನನ್ನ ಆಸ್ತಿ ಎಂದುಕೊಂಡಿದ್ದೆನಲ್ಲ, ಅದು ಒಂದು ರೀತಿಯಲ್ಲಿ ನಿಜವೇ ಆಯಿತು. ನನ್ನದೂ ಅವಳದೂ, ಎರಡೂ ನನ್ನ ಮೂಗಿನಿಂದಲೇ ಹೊರಟದ್ದು.

ಈಗ ನಾನು ರಾತ್ರಿ ಅಂಗಡಿಯಲ್ಲಿ, ಕಟಿಂಗ್ ಟೇಬಲ್ಲಿನ ಮೇಲೆ ಮಲಗುತ್ತೇನೆ. ಮಂಚ ಕೊಟ್ರಮ್ಮನದು, ಹೊಸ ಕೌದಿಯೂ ಅವಳದೇ. ಮಧ್ಯಾಹ್ನ ಅವಳು ಒಂದು ಗಳಿಗೆ ಮಲಗುವಾಗ ನಾನು ಹುಕ್ಕು ಹಚ್ಚುತ್ತಾ ಕೂರುತ್ತೇನೆ. ಕೂತು ಮಾಡುವ ಕೆಲಸವೇ. ಆದರೆ ಬೆರಳಿಗೆ ಸೂಜಿ ಚುಚ್ಚಿ, ಕಣ್ಣು ಮಂಜಾಗಿ, ಕುತ್ತಿಗೆ ಹಿಡಿದು, ನಾಲ್ಕು ಕುಪ್ಪಸ ಮುಗಿಯುವಷ್ಟರಲ್ಲಿ “ಯಪ್ಪಾ ಶಿವನೇ” ಬಾಯಿಗೆ ಬಂದುಬಿಡುತ್ತದೆ. ನೀರಿನ ತಂಬಿಗೆ ಬರುವುದಿಲ್ಲ. ಒಳಗಿನಿಂದ, ಕಣ್ಣು ಮುಚ್ಚಿಕೊಂಡೇ, “ಹುಕ್ಕು ವಾರೆ ಹಚ್ಚಬ್ಯಾಡ್ರಿ” ಎಂಬ ಮಾತು ಬರುತ್ತದೆ. ಅವಳ ಮುಖದ ಊತ ಸ್ವಲ್ಪ ಇಳಿದಿದೆ ಎಂದು ಓಣಿಯವರು ಹೇಳುತ್ತಾರೆ. ನಿದ್ದೆಯೂ ಬರುತ್ತಿದೆಯಂತೆ. ನಡುವೆ ಒಮ್ಮೆ ಎಚ್ಚರವಾಗಿ, ಗೊರಕೆ ಕೇಳದೆ ಗಾಬರಿಯಾಗಿ, ಅಂಗಡಿಯ ಬಾಗಿಲಿಗೆ ಕಿವಿಗೊಟ್ಟು ಹೋಗುತ್ತಾಳೆ ಎಂದು ಬೆಳಗಿನ ಜಾವ ಹಿಟ್ಟು ಕಲಸಲು ಬರುವ ಬಸಣ್ಣ ಹೇಳಿದ. ಅದನ್ನು ಡಾಕ್ಟರಮ್ಮನಿಗೆ ಹೇಳಿಲ್ಲ.

ಮೊನ್ನೆ ನನಗೊಂದು ಪ್ಯಾಂಟು ಬೇಕಾಯಿತು. ಹೊಲಿಯುವವಳು ತಾನೇ ಎಂದಳು ಕೊಟ್ರಮ್ಮ. ಜೀವನದಲ್ಲಿ ಮೊದಲ ಸಲ ಎರಡೂ ಕೈ ಮೇಲೆತ್ತಿ ನಾನು ಇನ್ನೊಬ್ಬರ ಟೇಪಿನ ಮುಂದೆ ನಿಂತೆ. ಸೊಂಟದ ಅಳತೆಯನ್ನು ಅವಳು ಬೇಕೆಂದೇ ದೊಡ್ಡ ದನಿಯಲ್ಲಿ ಓದಿದಳು. ಪಕ್ಕದಂಗಡಿಯಲ್ಲಿ ಬಸಣ್ಣನ ಜಾಲರಿ ಸಪ್ಪಳ ನಿಂತಿತು. “ಒಳಗ ಒಂದಿಂಚು ಬಟ್ಟಿ ಬಿಡು” ಎಂದೆ. “ಬಿಡಂಗಿಲ್ಲ” ಎಂದಳು. ಬಿಡಲಿಲ್ಲ ಅಷ್ಟೇ ಅಲ್ಲ, ಅಳತೆಗಿಂತ ಒಂದಿಂಚು ಕಡಿಮೆಯೇ ಹಿಡಿದು ಹೊಲಿದಿದ್ದಾಳೆ. ಒಳಗೆ ಬಿಚ್ಚಲು ಒಂದು ಎಳೆ ಬಟ್ಟೆ ಇಲ್ಲ. ಎಲ್ಲರಿಗೂ ಎಂದೋ ಮುಟ್ಟುವ ಸುದ್ದಿ ಅಂತೂ ನನಗೂ ಮುಟ್ಟಿದೆ. ಇದನ್ನು ಬರೆಯುತ್ತಿರುವಾಗಲೂ ಮೇಲಿನ ಗುಂಡಿ ಹಾಕಿಲ್ಲ. ಅಂಗಿ ಇಳಿಬಿಟ್ಟು ಮುಚ್ಚಿಕೊಂಡಿದ್ದೇನೆ.